ಕಾರ್ ಸ್ಟೀರಿಯೋ ಜೋರು ಮಾಡಿದರೆ ಸೌಂಡ್ ಒಡೆಯುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕಾರಿನ ಸೌಂಡ್ ಬಗ್ಗೆ ಮಾತು ಶುರುವಾದರೆ ಸುತ್ತಿ ಬಳಸಿ ಬರುವುದು ಇದೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಕೊಟ್ಟಿದ್ದೇನೆ. ಸುಲಭದ್ದು ಮೊದಲು, ಮೀಟರ್ ಹಿಡಿಯಬೇಕಾದದ್ದು ಆಮೇಲೆ. ಎಲ್ಲವನ್ನೂ ಓದಬೇಕೆಂದಿಲ್ಲ, ನಿಮ್ಮ ಕಾರಿನ ಕಾಯಿಲೆಗೆ ಹೊಂದುವುದನ್ನು ನೋಡಿಕೊಳ್ಳಿ.

## ಶುರುವಿನ ಪ್ರಶ್ನೆಗಳು

ವಾಲ್ಯೂಮ್ ಜಾಸ್ತಿ ಮಾಡಿದ ಕೂಡಲೇ ಸೌಂಡ್ ಒಡೆಯುತ್ತೆ. ಸ್ಪೀಕರ್ ಹೋಯ್ತಾ?

ಬಹಳ ಸಲ ಸ್ಪೀಕರ್‌ನ ತಪ್ಪೇ ಇರುವುದಿಲ್ಲ. ಕಡಿಮೆ ವಾಲ್ಯೂಮ್‌ನಲ್ಲಿ ಹಾಡು ನೀಟಾಗಿ ಕೇಳಿಸಿ, ಒಂದು ಮಟ್ಟ ದಾಟಿದ ಮೇಲೆ ಮಾತ್ರ ಒಡೆಯುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸ್ಟೀರಿಯೋದ ಒಳಗಿರುವ ಆಂಪ್ಲಿಫೈಯರನ್ನು.

ಕಾರಿನಲ್ಲಿ ಸಿಗುವ ಕರೆಂಟ್ ಎಂಜಿನ್ ಓಡುವಾಗ ಸುಮಾರು 14 ವೋಲ್ಟ್. ಸ್ಟೀರಿಯೋ ಒಳಗಿನ ಆಂಪ್ ಚಿಪ್ ಇಷ್ಟರಲ್ಲೇ ಸ್ಪೀಕರನ್ನು ಕುಣಿಸಬೇಕು. ನೀವು ವಾಲ್ಯೂಮ್ ಏರಿಸುತ್ತಾ ಹೋದಂತೆ ಹಾಡಿನ ಅಲೆ ದೊಡ್ಡದಾಗುತ್ತದೆ. ಅದು 14 ವೋಲ್ಟ್ ಮುಟ್ಟಿದ ಮೇಲೆ ಇನ್ನೂ ಎತ್ತರ ಹೋಗಲು ಜಾಗವೇ ಇರುವುದಿಲ್ಲ. ಆಗ ಬೇಲಿ ಗಿಡವನ್ನು ಕತ್ತರಿಯಿಂದ ಸಮ ಮಾಡಿದ ಹಾಗೆ ಅಲೆಯ ತಲೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪ್ಪಿಂಗ್ ಅನ್ನುತ್ತಾರೆ. ಮೂಲ ಹಾಡಿನಲ್ಲಿ ಇಲ್ಲದ ಹೊಸ ಸ್ವರಗಳು ಇದರಿಂದ ಹುಟ್ಟಿಕೊಳ್ಳುತ್ತವೆ. ಹಾಡುವವರ ಗಂಟಲು ಹರಿದ ಹಾಗೆ, ಡ್ರಮ್ ಏಟು ತಗಡು ಬಡಿದ ಹಾಗೆ ಕೇಳುವುದು ಈ ಹೊಸ ಸ್ವರಗಳಿಂದಲೇ. ಸ್ಪೀಕರ್ ಪಾಪ, ತನಗೆ ಬಂದದ್ದನ್ನು ಹಾಗೆಯೇ ನುಡಿಸುತ್ತಿರುತ್ತದೆ.

ಸ್ಟೀರಿಯೋ ಮೇಲೆ 50 ವ್ಯಾಟ್ × 4 ಅಂತ ಬರೆದಿದೆ. 200 ವ್ಯಾಟ್ ಇದ್ದರೂ ಸಾಲಲ್ವಾ?

ಆ 200 ವ್ಯಾಟ್ ಡಬ್ಬದ ಮೇಲೆ ಮಾತ್ರ ಇದೆ. ಲೆಕ್ಕ ಹಾಕಿ ನೋಡೋಣ.

ಸಾಮಾನ್ಯ ಕಾರ್ ಸ್ಪೀಕರ್ 4 ಓಮ್. 14.4 ವೋಲ್ಟ್‌ನಿಂದ ತೆಗೆಯಬಹುದಾದ ಶುದ್ಧ ಅಲೆಯ ಆರ್‌ಎಂಎಸ್ ವೋಲ್ಟೇಜ್ (ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ) ಸುಮಾರು 10.2. ಅದರ ವರ್ಗವನ್ನು 4ರಿಂದ ಭಾಗಿಸಿದರೆ ಸಿಗುವುದು 26 ವ್ಯಾಟ್. ಚಿಪ್ ತನ್ನ ಪಾಲಿನ ವೋಲ್ಟ್ ನುಂಗಿದ ಮೇಲೆ ಉಳಿಯುವುದು 18ರಿಂದ 22 ವ್ಯಾಟ್. ಹಾಗಾದರೆ 50 ಎಲ್ಲಿಂದ ಬಂತು? ಅಲೆಯನ್ನು ಪೂರ್ತಿ ಚಪ್ಪಟೆ ಮಾಡಿ ಚೌಕ ಮಾಡಿದರೆ 14.4ರ ವರ್ಗ ಭಾಗಿಸು 4, ಅಂದರೆ ಸುಮಾರು 52 ವ್ಯಾಟ್ ಬರುತ್ತದೆ. ಅಂದರೆ ಸೌಂಡ್ ಸಂಪೂರ್ಣ ಒಡೆದುಹೋದಾಗ ಬರುವ ಲೆಕ್ಕವನ್ನು ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ!

ಇನ್ನೂ ನಂಬಿಕೆ ಬರದಿದ್ದರೆ ಸ್ಟೀರಿಯೋ ಹಿಂದಿನ ಫ್ಯೂಸ್ ನೋಡಿ. ಅನೇಕ ಸೆಟ್‌ಗಳಲ್ಲಿ 10 ಆಂಪಿಯರ್ ಫ್ಯೂಸ್ ಇರುತ್ತದೆ. 14.4 ವೋಲ್ಟ್‌ಗೆ ಗುಣಿಸಿದರೆ ಒಳಗೆ ಹೋಗುವುದೇ 144 ವ್ಯಾಟ್. ಅದರಲ್ಲಿ ಒಂದಷ್ಟು ಬಿಸಿಯಾಗಿ ಹೋಗುತ್ತದೆ. ಒಳಗೆ 144 ಹೋಗಿ ಹೊರಗೆ ಬಿಡುವಿಲ್ಲದೆ 200 ಬರುವುದುಂಟೇ?

ಎಷ್ಟೋ ಸ್ಟೀರಿಯೋಗಳಲ್ಲಿ ಇರುವ ಟಿಡಿಎ 7388 ಎಂಬ ಚಿಪ್‌ನ ಡೇಟಾಶೀಟ್ (ತಯಾರಕರು ಕೊಡುವ ವಿವರದ ಹಾಳೆ) ತೆಗೆದು ನೋಡಿದರೆ ಅಲ್ಲಿ ಗರಿಷ್ಠ 45 ವ್ಯಾಟ್ ಎಂದೂ, 14.4 ವೋಲ್ಟ್‌ನಲ್ಲಿ 26 ವ್ಯಾಟ್ ಎಂದೂ ಇರುತ್ತದೆ. ಆ 26ರ ಪಕ್ಕದಲ್ಲೂ 10% ಡಿಸ್ಟಾರ್ಷನ್ (ಅಲೆ ಕೆಡುವ ಪ್ರಮಾಣ) ಅಂತ ಸಣ್ಣದಾಗಿ ಬರೆದಿರುತ್ತದೆ. ಕೊಳ್ಳುವಾಗ ಕೇಳಬೇಕಾದದ್ದು ಆರ್‌ಎಂಎಸ್ ಎಷ್ಟು, ಅದೂ ಎಷ್ಟು ಡಿಸ್ಟಾರ್ಷನ್‌ನಲ್ಲಿ ಅನ್ನುವುದನ್ನು. ಸಿಇಎ 2006 ಎಂಬ ಅಳತೆಯ ಪ್ರಕಾರ ಕೊಟ್ಟ ಅಂಕಿಯಾದರೆ ನಂಬಬಹುದು. ಅದು 14.4 ವೋಲ್ಟ್, 4 ಓಮ್, 1% ಡಿಸ್ಟಾರ್ಷನ್ ಎಂಬ ಷರತ್ತಿನಲ್ಲಿ ಅಳೆದದ್ದು.

ಬಾಸ್ ಏರಿಸಿದಾಗ ಮಾತ್ರ ಒಡೆಯುತ್ತೆ, ಯಾಕೆ?

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂದರೆ ಇದನ್ನು ಓದಿ. ಸೌಂಡ್ ಒಡೆಯುವ ಹತ್ತು ಕಾರುಗಳನ್ನು ಸಾಲಾಗಿ ನಿಲ್ಲಿಸಿದರೆ ಹೆಚ್ಚಿನವುಗಳಲ್ಲಿ ಬಾಸ್ ಕೊನೆಯ ತುದಿಗೆ ಏರಿರುತ್ತದೆ, ಬಾಸನ್ನು ಇನ್ನಷ್ಟು ಎತ್ತುವ ಲೌಡ್‌ನೆಸ್ ಎಂಬ ಸೆಟಿಂಗ್ ಆನ್ ಇರುತ್ತದೆ.

ಬಾಸ್ ಎರಡು ಕಡೆ ಪೆಟ್ಟು ಕೊಡುತ್ತದೆ. ಒಂದು, ಆಂಪ್‌ಗೆ. ಬಾಸನ್ನು 6 ಡಿಬಿ (ಡೆಸಿಬಲ್, ಸದ್ದಿನ ಮಟ್ಟದ ಅಳತೆ) ಏರಿಸಿದರೆ ಆ ಭಾಗಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು. 10 ಡಿಬಿ ಏರಿಸಿದರೆ ಹತ್ತು ಪಟ್ಟು. ನಿಮ್ಮ ಹತ್ತಿರ ಇರುವುದೇ 20 ವ್ಯಾಟ್. ಬಾಸ್ ಅದನ್ನೆಲ್ಲ ಬಳಿದುಕೊಂಡ ಮೇಲೆ ಅದೇ ಅಲೆಯ ಮೇಲೆ ಸವಾರಿ ಮಾಡುವ ದನಿ, ಕೊಳಲು, ತಬಲ ಎಲ್ಲವೂ ಕತ್ತರಿಗೆ ಸಿಗುತ್ತವೆ. ಡ್ರಮ್ ಬಿದ್ದಾಗಲೆಲ್ಲ ಹಾಡುವವರ ದನಿ ಕರ್ ಅನ್ನುವುದು ಇದಕ್ಕೇ.

ಎರಡು, ಸ್ಪೀಕರ್‌ಗೆ. ಅಷ್ಟೇ ಜೋರು ಇರಬೇಕು, ಆದರೆ ಸ್ವರ 80 ಹರ್ಟ್ಸ್‌ನಿಂದ 40 ಹರ್ಟ್ಸ್‌ಗೆ ಇಳಿಯಬೇಕು ಅಂದರೆ ಕೋನ್ (ಸ್ಪೀಕರ್‌ನಲ್ಲಿ ಅದುರುವ ಬಟ್ಟಲಿನಂಥ ಭಾಗ) ನಾಲ್ಕು ಪಟ್ಟು ದೂರ ಹಿಂದೆ ಮುಂದೆ ಹೋಗಬೇಕು. ಡೋರ್‌ನಲ್ಲಿರುವ ಆರೂವರೆ ಇಂಚಿನ ಕಂಪನಿ ಸ್ಪೀಕರ್‌ನ ಕೋನ್ ಚಲಿಸುವುದೇ ಕೆಲವು ಮಿಲಿಮೀಟರ್. ಅದು ತನ್ನ ಮಿತಿ ಮುಟ್ಟಿ ಟಪ್ ಟಪ್ ಎಂದು ಬಡಿದುಕೊಳ್ಳಲು ಶುರು ಮಾಡುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಬಾಸ್ ಸೊನ್ನೆಗೆ ತನ್ನಿ, ಲೌಡ್‌ನೆಸ್ ಆಫ್ ಮಾಡಿ. ಸೆಟಿಂಗ್‌ನಲ್ಲಿ ಎಚ್‌ಪಿಎಫ್ ಅಂತ ಇದ್ದರೆ 80 ಹರ್ಟ್ಸ್‌ಗೆ ಇಡಿ. ಅದು ತೀರಾ ಕೆಳಗಿನ ಬಾಸನ್ನು ಡೋರ್ ಸ್ಪೀಕರ್‌ಗೆ ಹೋಗದಂತೆ ತಡೆಯುತ್ತದೆ. ಮೊದಲ ಅರ್ಧ ಗಂಟೆ ಸೌಂಡ್ ಸಪ್ಪೆ ಅನಿಸುತ್ತದೆ, ಕಿವಿ ಹೊಂದಿಕೊಳ್ಳಲಿ ಬಿಡಿ. ಮೊದಲಿಗಿಂತ ಎಷ್ಟು ಜೋರಾಗಿ, ಒಡೆಯದೆ ಕೇಳಬಹುದು ಅಂತ ಆಮೇಲೆ ನೋಡಿ.

ವಾಲ್ಯೂಮ್ 40ರ ತನಕ ಇದೆ, 28ಕ್ಕೇ ಒಡೆಯುತ್ತೆ. ಉಳಿದ 12 ಯಾಕೆ ಕೊಟ್ಟಿದ್ದಾರೆ?

ವಾಲ್ಯೂಮ್ ಅಂಕಿ ಅಂದರೆ ಪವರ್‌ನ ಅಂಕಿ ಅಲ್ಲ. ಹಳೆಯ ರೆಕಾರ್ಡಿಂಗ್, ಮೆಲ್ಲಗೆ ಮಾತನಾಡಿರುವ ಹರಿಕಥೆ, ಆಕ್ಸ್‌ನಲ್ಲಿ (ಫೋನ್‌ಗೆ ವೈರ್ ಚುಚ್ಚಿ ಹಾಡು ಹಾಕುವ ಕಡೆ) ಸಣ್ಣಗೆ ಬರುವ ಫೋನ್ ಇವುಗಳಿಗಾಗಿ ಮೇಲೆ ಜಾಗ ಬಿಟ್ಟಿರುತ್ತಾರೆ. ಈಗಿನ ಹಾಡುಗಳನ್ನು ಮೊದಲೇ ಜೋರಾಗಿ ಮಿಕ್ಸ್ ಮಾಡಿರುವುದರಿಂದ 28ಕ್ಕೇ ಆಂಪ್ ತುಂಬಿಹೋಗುತ್ತದೆ. ನಿಮ್ಮ ಸೆಟ್‌ನಲ್ಲಿ ಯಾವ ಅಂಕಿಗೆ ಒಡೆಯುತ್ತದೆ ಅಂತ ಗೊತ್ತು ಮಾಡಿಕೊಂಡು ಅದಕ್ಕಿಂತ ಎರಡು ಕೆಳಗೆ ನಿಲ್ಲಿಸಿ.

ಎಫ್‌ಎಂ ಚೆನ್ನಾಗಿದೆ, ಪೆನ್‌ಡ್ರೈವ್ ಹಾಡು ಮಾತ್ರ ಒಡೆಯುತ್ತೆ.

ಹಾಗಾದರೆ ಫೈಲ್ ನೋಡಿ. ಒಬ್ಬರಿಂದ ಒಬ್ಬರಿಗೆ ಕಾಪಿ ಆಗುತ್ತಾ ಬಂದ 64 ಕೆಬಿಪಿಎಸ್ ಎಂಪಿ3, ವಾಟ್ಸಾಪ್‌ನಲ್ಲಿ ಬಂದ ಭಕ್ತಿಗೀತೆ, ಸಾಫ್ಟ್‌ವೇರ್ ಹಾಕಿ ‘ಬಾಸ್ ಬೂಸ್ಟೆಡ್’ ಮಾಡಿದ ಡಿಜೆ ರೀಮಿಕ್ಸ್ ಇವುಗಳಲ್ಲಿ ಅಲೆಯ ತಲೆಯೋ ಹಾಡಿನ ಸೂಕ್ಷ್ಮ ವಿವರವೋ ಮೊದಲೇ ಹಾರಿಹೋಗಿರುತ್ತದೆ. ಆಮೇಲೆ ಎಂಥ ಸ್ಪೀಕರ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಅದೇ ಹಾಡನ್ನು ಒಳ್ಳೆಯ ಆ್ಯಪ್‌ನಿಂದ ಹೈ ಕ್ವಾಲಿಟಿ ಸೆಟಿಂಗ್‌ನಲ್ಲಿ ಹಾಕಿ ಹೋಲಿಸಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಬ್ಲೂಟೂತ್‌ನಲ್ಲಿ ಫೋನ್ ವಾಲ್ಯೂಮ್ ಎಷ್ಟಿರಬೇಕು?

ಫುಲ್ ಇಡಿ, ಅಥವಾ ಫುಲ್‌ಗಿಂತ ಒಂದೆರಡು ಮೆಟ್ಟಿಲು ಕೆಳಗೆ. ಫೋನ್‌ನಲ್ಲಿ ಕಡಿಮೆ ಇಟ್ಟು ಸ್ಟೀರಿಯೋದಲ್ಲಿ ಜಾಸ್ತಿ ಮಾಡಿದರೆ ಬುಸ್ ಅನ್ನುವ ಸದ್ದೂ ಜೊತೆಗೇ ಏರುತ್ತದೆ. ಆದರೆ ಫೋನ್‌ನ ಈಕ್ವಲೈಸರ್ ಆಫ್ ಇರಲಿ. ಫೋನ್‌ನಲ್ಲಿ ಒಂದು ಬಾಸ್ ಬೂಸ್ಟ್, ಸ್ಟೀರಿಯೋದಲ್ಲಿ ಇನ್ನೊಂದು ಬಾಸ್ ಬೂಸ್ಟ್ ಇಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಆಕ್ಸ್ ವೈರ್ ಹಾಕಿದರೆ ಲೆಕ್ಕ ಸ್ವಲ್ಪ ಬೇರೆ. ಕೆಲವು ಫೋನ್‌ಗಳ ಹೆಡ್‌ಫೋನ್ ಔಟ್ ಫುಲ್ ಇಟ್ಟಾಗ ತಾನೇ ಒಡೆಯುತ್ತದೆ, ಅಲ್ಲಿ ಮುಕ್ಕಾಲು ಭಾಗ ಸಾಕು.

## ತಪ್ಪು ಎಲ್ಲಿದೆ ಅಂತ ಹುಡುಕುವುದು

ಸ್ಪೀಕರ್‌ದೋ ಸ್ಟೀರಿಯೋದೋ ಅಂತ ಮನೆಯಲ್ಲೇ ಹೇಗೆ ಗೊತ್ತು ಮಾಡೋದು?

ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ಸೆಟಿಂಗ್ ಇಲ್ಲಿ ಕೆಲಸಕ್ಕೆ ಬರುತ್ತವೆ. ಒಡೆಯುವ ವಾಲ್ಯೂಮ್‌ನಲ್ಲಿ ಹಾಡು ಹಾಕಿ, ಸೌಂಡನ್ನು ಒಂದೊಂದೇ ಮೂಲೆಗೆ ತಿರುಗಿಸಿ. ನಾಲ್ಕೂ ಕಡೆ ಒಂದೇ ತರಹ ಒಡೆದರೆ ಆಂಪ್, ಸೆಟಿಂಗ್ ಅಥವಾ ಫೈಲ್. ಒಂದೇ ಮೂಲೆಯಲ್ಲಿ ಒಡೆದರೆ ಆ ಸ್ಪೀಕರ್ ಅಥವಾ ಅದರ ವೈರ್.

ಒಂದೇ ಮೂಲೆ ಅಂತಾದರೆ ಸ್ಟೀರಿಯೋ ಆಫ್ ಮಾಡಿ ಆ ಡೋರ್‌ನ ಜಾಲರಿ ಅಥವಾ ಪ್ಯಾನೆಲ್ ಬಿಚ್ಚಿಸಿ. ಕೋನ್‌ನ ನಡುವೆ ಗುಬುಟಿನ ಸುತ್ತ ನಾಲ್ಕು ಬೆರಳು ಸಮನಾಗಿ ಇಟ್ಟು ಮೆಲ್ಲಗೆ ಒಳಕ್ಕೆ ಒತ್ತಿ, ಬಿಡಿ. ಕಿವಿ ಹತ್ತಿರ ಇರಲಿ. ಸದ್ದಿಲ್ಲದೆ ಹೋಗಿ ಬಂದರೆ ಸರಿಯಿದೆ. ಮರಳು ಉಜ್ಜಿದ ಹಾಗೆ ಸರಸರ ಅಂದರೆ ಒಳಗಿನ ವಾಯ್ಸ್ ಕಾಯಿಲ್ (ಕೋನನ್ನು ಕುಣಿಸುವ ತಂತಿ ಸುರುಳಿ) ಮ್ಯಾಗ್ನೆಟ್‌ಗೆ ತಾಗುತ್ತಿದೆ, ಆ ಸ್ಪೀಕರ್‌ನ ಕಥೆ ಮುಗಿಯಿತು. ಒಂದೇ ಕಡೆ ಒತ್ತಿದರೆ ಚೆನ್ನಾಗಿರುವ ಸ್ಪೀಕರ್ ಕೂಡ ತಾಗುತ್ತದೆ, ಅದಕ್ಕೇ ಸಮನಾಗಿ ಒತ್ತಿ ಅಂದದ್ದು. ಕೋನ್‌ನ ಅಂಚಿನ ಸುತ್ತ ಇರುವ ರಬ್ಬರ್ ಅಥವಾ ಫೋಮ್ ಬಳೆ ಎಲ್ಲಾದರೂ ಬಿಟ್ಟಿದೆಯೇ ಅಂತಲೂ ಬೆರಳಾಡಿಸಿ ನೋಡಿ. ಹಳೆಯ ಕಾರುಗಳ ಫೋಮ್ ಬಳೆ ಮುಟ್ಟಿದರೇ ಪುಡಿಪುಡಿ ಉದುರುವುದುಂಟು.

ಸ್ಪೀಕರ್ ಚೆನ್ನಾಗಿದ್ದರೆ ವೈರ್ ನೋಡಿ. ಡೋರ್ ತೆಗೆದು ಹಾಕುವ ಕಡೆ, ರಬ್ಬರ್ ಕೊಳವೆಯೊಳಗೆ ವೈರ್ ಸವೆದು ಬಾಡಿಗೆ ತಾಗುತ್ತಿರಬಹುದು. ಸ್ಟೀರಿಯೋದ ಸ್ಪೀಕರ್ ಮೈನಸ್ ವೈರ್ ಅರ್ಥ್ ಅಲ್ಲ, ಅದೂ ಆಂಪ್‌ನ ಒಂದು ತುದಿಯೇ. ಅದು ಬಾಡಿಗೆ ತಾಗಿದರೆ ಸೌಂಡ್ ಒಡೆಯುವುದೂ ಉಂಟು, ಸೆಟ್ ತಾನಾಗಿ ಆಫ್ ಆಗುವುದೂ ಉಂಟು.

ಒಡೆಯೋದಲ್ಲ, ಗಿರ್ರ್ ಅಂತ ಏನೋ ಅದುರಿದ ಹಾಗೆ ಕೇಳುತ್ತೆ.

ಅದು ಡೋರ್. ಅದುರುವಾಗ ಪ್ಯಾನೆಲನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಸದ್ದು ನಿಂತರೆ ಸ್ಪೀಕರ್ ಬದಲಿಸುವ ಮಾತೇ ಬೇಡ. ಕ್ಲಿಪ್ ಸಡಿಲ ಆಗಿರಬಹುದು, ಒಳಗೆ ಲಾಕ್‌ನ ರಾಡ್ ತಗಡಿಗೆ ಬಡಿಯುತ್ತಿರಬಹುದು. ಡಿಕ್ಕಿ ಕಡೆಯಿಂದ ಬಂದರೆ ನಂಬರ್ ಪ್ಲೇಟ್ ಹಿಡಿದು ನೋಡಿ. ಡೋರ್ ತಗಡಿಗೆ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ಅದುರುವಿಕೆ ತಡೆಯುವ ರಬ್ಬರಿನಂಥ ಹಾಳೆ) ಅಂಟಿಸಿದರೆ ಅದುರುವುದು ಕಡಿಮೆಯಾಗಿ ಬಾಸ್ ಕೂಡ ಗಟ್ಟಿಯಾಗುತ್ತದೆ. ಹೊಸ ಸ್ಪೀಕರ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಮಳೆಗಾಲ ಕಳೆದ ಮೇಲೆ ಒಂದು ಡೋರ್ ಸ್ಪೀಕರ್ ಕರಕರ ಅಂತಿದೆ. ಸಂಬಂಧ ಇದೆಯಾ?

ಖಂಡಿತ ಇದೆ. ಕಿಟಕಿ ಗಾಜಿನ ಅಂಚಿನಿಂದ ಮಳೆ ನೀರು ಡೋರ್ ಒಳಗೆ ಇಳಿಯುವುದು ಸಹಜ, ಕೆಳಗಿನ ತೂತುಗಳಿಂದ ಹೊರಗೂ ಹೋಗುತ್ತದೆ. ಆ ನೀರು ಪ್ಯಾನೆಲ್ ಕಡೆಗೆ ಬರದಂತೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಪವರ್ ವಿಂಡೋ ರಿಪೇರಿಗೆಂದು ಡೋರ್ ಬಿಚ್ಚಿದವರು ಆ ಹಾಳೆಯನ್ನು ಹರಿದು ಬಿಸಾಡುವುದು ಮಾಮೂಲು. ಆಮೇಲೆ ಕಾಗದದ ಕೋನ್ ನೀರು ಕುಡಿದು ಮೆತ್ತಗಾಗುತ್ತದೆ, ಕಾಯಿಲ್ ಸಂದಿಯಲ್ಲಿ ತುಕ್ಕು ಕೂರುತ್ತದೆ. ಮಲೆನಾಡು, ಕರಾವಳಿ ಕಡೆಯವರು ಡೋರ್ ಕೆಲಸ ಮಾಡಿಸಿದಾಗಲೆಲ್ಲ ‘ಹಾಳೆ ವಾಪಸ್ ಹಾಕಿದ್ರಾ?’ ಅಂತ ನಿಂತು ಕೇಳಬೇಕು. ಡೋರ್ ಕೆಳಗಿನ ತೂತು ಕೆಸರಿನಿಂದ ಮುಚ್ಚಿದ್ದರೆ ಕಡ್ಡಿ ಹಾಕಿ ಬಿಡಿಸಿ.

ಹೊಸ ಸ್ಪೀಕರ್ ಹಾಕಿಸಿದೆ. ಬಾಸೇ ಇಲ್ಲ, ಏರಿಸಿದ್ರೆ ಒಡೆಯುತ್ತೆ.

ಒಂದು ಸ್ಪೀಕರ್‌ಗೆ ಪ್ಲಸ್ ಮೈನಸ್ ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಎಡದ ಕೋನ್ ಮುಂದೆ ಬರುವಾಗ ಬಲದ್ದು ಹಿಂದೆ ಹೋದರೆ ಬಾಸ್ ಒಂದನ್ನೊಂದು ಕೊಂದುಕೊಳ್ಳುತ್ತದೆ. ನೀವು ಅದನ್ನು ತುಂಬಿಸಲು ಬಾಸ್ ಏರಿಸುತ್ತೀರಿ, ಆಂಪ್ ಸಾಯುತ್ತದೆ.

ಸ್ಪೀಕರ್ ವೈರನ್ನು ಸ್ಟೀರಿಯೋದಿಂದ ಬಿಡಿಸಿಕೊಂಡು ಟಿವಿ ರಿಮೋಟಿನ 1.5 ವೋಲ್ಟ್ ಸೆಲ್ ಒಂದನ್ನು ಅರೆಕ್ಷಣ ತಾಗಿಸಿ. ಸೆಲ್‌ನ ಪ್ಲಸ್ ಸ್ಪೀಕರ್‌ನ ಪ್ಲಸ್‌ಗೆ ಸೇರಿದ್ದರೆ ಕೋನ್ ಹೊರಕ್ಕೆ ಹಾರುತ್ತದೆ. ಟ್ವೀಟರ್ (ಮೇಲಿನ ಸ್ವರಗಳ ಸಣ್ಣ ಸ್ಪೀಕರ್) ಮೇಲೆ ಈ ಪ್ರಯೋಗ ಬೇಡ.

ಊರೊಳಗೆ ಚೆನ್ನಾಗಿರುತ್ತೆ, ಹೈವೇಗೆ ಹೋದ್ರೆ ಒಡೆಯುತ್ತೆ.

ಟಯರ್ ಮತ್ತು ರಸ್ತೆಯ ಸದ್ದು ಹೆಚ್ಚಾಗಿ ತಗ್ಗಿನ ಸ್ವರ. ಅದು ಹಾಡಿನ ಬಾಸನ್ನೇ ಮುಚ್ಚುತ್ತದೆ. ಬಾಸ್ ಹೋಯಿತಲ್ಲ ಅಂತ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಕಿಟಕಿ ಮುಚ್ಚಿ, ಬಾಸ್ ಮುಟ್ಟದೆ ವಾಲ್ಯೂಮ್ ಮಾತ್ರ ಸ್ವಲ್ಪ ಏರಿಸಿ. ತುಂಬಾ ದೂರದ ಪ್ರಯಾಣವಾದರೆ ಕಿವಿಯ ಲೆಕ್ಕವೂ ಇರಲಿ: 85 ಡಿಬಿ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅಂತ ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯಾಶ್ ಸಂಸ್ಥೆಯ ಸಲಹೆ. ಪ್ರತಿ 3 ಡಿಬಿಗೆ ಸಮಯ ಅರ್ಧವಾಗುತ್ತದೆ. 100 ಡಿಬಿಗೆ ಬರುವಷ್ಟರಲ್ಲಿ ಉಳಿಯುವುದು 15 ನಿಮಿಷ.

## ಬೇರೆ ಆಂಪ್ ಹಾಕಿಸಿದವರಿಗೆ, ಹಾಕಿಸಬೇಕು ಅನ್ನುವವರಿಗೆ

300 ವ್ಯಾಟ್ ಸ್ಪೀಕರ್ ಹಾಕಿಸಿದ್ರೆ ಸರಿ ಹೋಗುತ್ತಾ?

ಸ್ಪೀಕರ್ ಮೇಲಿನ ವ್ಯಾಟ್ ಅದು ತಡೆಯುವ ಶಕ್ತಿ, ಕೊಡುವ ಶಕ್ತಿಯಲ್ಲ. ಸ್ಟೀರಿಯೋದಿಂದ ಬರುವುದು ಅದೇ 20 ವ್ಯಾಟ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಸುತ್ತುವಾಗ ನೀವು ಕೇಳಬೇಕಾದ ಅಂಕಿ ಸೆನ್ಸಿಟಿವಿಟಿ, ಅಂದರೆ ಅಷ್ಟೇ ವ್ಯಾಟ್‌ಗೆ ಸ್ಪೀಕರ್ ಎಷ್ಟು ಜೋರಾಗಿ ನುಡಿಯುತ್ತದೆ ಅನ್ನುವುದು. 88 ಡಿಬಿಯ ಸ್ಪೀಕರ್ ಬದಲು 91 ಡಿಬಿಯದ್ದು ಹಾಕಿದರೆ ಅದೇ ಸ್ಟೀರಿಯೋದ ವ್ಯಾಟ್ ಎರಡರಷ್ಟು ಮಾಡಿದ ಹಾಗೆ. ಬರೀ ಸ್ಟೀರಿಯೋದಲ್ಲೇ ಓಡಿಸುವವರಿಗೆ ಭಾರೀ ಕೋನ್‌ನ ದೊಡ್ಡ ವ್ಯಾಟ್ ಸ್ಪೀಕರ್‌ಗಿಂತ ಸೆನ್ಸಿಟಿವಿಟಿ ಜಾಸ್ತಿ ಇರುವ ಹಗುರ ಸ್ಪೀಕರ್ ಮೇಲು.

ಕಡಿಮೆ ವ್ಯಾಟ್ ಆಂಪ್ ಹಾಕಿದ್ರೆ ಸ್ಪೀಕರ್ ಸುಟ್ಟು ಹೋಗುತ್ತೆ ಅಂತಾರಲ್ಲ, ನಿಜವಾ?

ಅರ್ಧ ನಿಜ. ಕಡಿಮೆ ಪವರ್ ಹೋದರೆ ಯಾವ ಸ್ಪೀಕರೂ ಸುಡುವುದಿಲ್ಲ. ಇಲ್ಲದಿದ್ದರೆ ಮೆಲ್ಲಗೆ ಹಾಡು ಕೇಳಿದವರ ಸ್ಪೀಕರೆಲ್ಲ ಸುಟ್ಟಿರಬೇಕಿತ್ತು. ಸುಡುವುದು ಹೇಗೆಂದರೆ, ಸಣ್ಣ ಆಂಪನ್ನು ಕ್ಲಿಪ್ ಆಗುವಷ್ಟು ತಿರುಗಿಸಿ ಗಂಟೆಗಟ್ಟಲೆ ಬಿಟ್ಟಾಗ. ಅದೇ ಎತ್ತರದ ದುಂಡು ಅಲೆಗಿಂತ ಚೌಕ ಅಲೆಯಲ್ಲಿ ಎರಡರಷ್ಟು ಪವರ್ ಇರುತ್ತದೆ. ಹಾಡಿನ ಏರಿಳಿತ ಹೋಗಿ ಸರಾಸರಿ ಏರುತ್ತದೆ, ಮೇಲಿನ ಸ್ವರಗಳ ಪಾಲೂ ಏರುತ್ತದೆ. ಕೂದಲೆಳೆಯ ಕಾಯಿಲ್ ಇರುವ ಟ್ವೀಟರ್ ಮೊದಲು ಹೋಗುವುದು ಇದಕ್ಕೇ.

ಆಂಪ್ ಹಾಕಿಸಿದ ಮೇಲೆ ಮೊದಲಿಗಿಂತ ಜಾಸ್ತಿ ಒಡೆಯುತ್ತೆ!

ಗೇನ್ ತಿರುಪನ್ನು ವಾಲ್ಯೂಮ್ ಅಂದುಕೊಂಡು ಪೂರ್ತಿ ತಿರುಗಿಸಿರುತ್ತಾರೆ. ಅದು ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಬರುವ ಸಿಗ್ನಲ್ 2 ವೋಲ್ಟೋ 4 ವೋಲ್ಟೋ, ಅದಕ್ಕೆ ಆಂಪನ್ನು ಹೊಂದಿಸುವ ತಿರುಪು. ಪೂರ್ತಿ ತಿರುಗಿಸಿದರೆ ವಾಲ್ಯೂಮ್ 15ಕ್ಕೇ ಆಂಪ್ ಕ್ಲಿಪ್ ಆಗುತ್ತದೆ.

ಒಂದು ಮಲ್ಟಿಮೀಟರ್ ಇದ್ದರೆ ನೀವೇ ಹೊಂದಿಸಬಹುದು. ಸ್ಪೀಕರ್ ವೈರ್‌ಗಳನ್ನು ಆಂಪ್‌ನಿಂದ ಬಿಡಿಸಿ. ಈಕ್ವಲೈಸರ್ ಸೊನ್ನೆ, ಬಾಸ್ ಬೂಸ್ಟ್ ಆಫ್, ಆಂಪ್‌ನ ಗೇನ್ ಪೂರ್ತಿ ಕೆಳಗೆ. ಎಂಜಿನ್ ಸ್ಟಾರ್ಟ್ ಇರಲಿ, ಕಾರು ಬಯಲಲ್ಲಿರಲಿ. 0 ಡಿಬಿಯ ಟೆಸ್ಟ್ ಟೋನ್ (ಪೂರ್ತಿ ಮಟ್ಟದಲ್ಲಿ ಒಂದೇ ಸ್ವರ ನುಡಿಯುವ ಫೈಲ್) ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಡಿ. ಈಗ ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪ್‌ನ ಸ್ಪೀಕರ್ ಔಟ್‌ಗೆ ಹಿಡಿದು ಗೇನ್ ಮೆಲ್ಲಗೆ ಏರಿಸಿ. ಎಷ್ಟಕ್ಕೆ ನಿಲ್ಲಿಸಬೇಕು? ವ್ಯಾಟ್ ಮತ್ತು ಓಮ್ ಗುಣಿಸಿ ವರ್ಗಮೂಲ ತೆಗೆಯಿರಿ. ಆಂಪ್ 60 ವ್ಯಾಟ್, ಸ್ಪೀಕರ್ 4 ಓಮ್ ಆದರೆ 240ರ ವರ್ಗಮೂಲ, ಅಂದರೆ 15.5 ವೋಲ್ಟ್. 100 ವ್ಯಾಟ್ ಆದರೆ 20 ವೋಲ್ಟ್. ಅಲ್ಲಿಗೆ ನಿಲ್ಲಿಸಿ, ಮತ್ತೆ ಆ ತಿರುಪು ಮುಟ್ಟಬೇಡಿ.

ಒಂದು ಎಚ್ಚರಿಕೆ. ಎಲ್ಲರೂ 1000 ಹರ್ಟ್ಸ್ ಟೋನ್ ಹಾಕಿ ಅನ್ನುತ್ತಾರೆ, ಆದರೆ ಅಗ್ಗದ ಮೀಟರ್‌ಗಳು ಅಷ್ಟು ಮೇಲಿನ ಸ್ವರದಲ್ಲಿ ತಪ್ಪು ತೋರಿಸಬಹುದು. ಅವು ಮನೆಯ 50 ಹರ್ಟ್ಸ್ ಕರೆಂಟ್ ಅಳೆಯಲು ಮಾಡಿದವು. 100 ಹರ್ಟ್ಸ್ ಟೋನ್ ಬಳಸಿ, ಅಳೆಯುವಾಗ ಎಚ್‌ಪಿಎಫ್ ಆಫ್ ಮಾಡಿ, ಮುಗಿದ ಮೇಲೆ ಮರೆಯದೆ ಆನ್ ಮಾಡಿ.

ಬಾಸ್ ಬಿದ್ದಾಗ ಹೆಡ್‌ಲೈಟ್ ಮಿಣುಕುತ್ತೆ, ಸೌಂಡೂ ಒಡೆಯುತ್ತೆ.

ಆಂಪ್‌ಗೆ ವೋಲ್ಟ್ ತಲುಪುತ್ತಿಲ್ಲ. ಎಂಜಿನ್ ಆಫ್ ಆದಾಗ ಬ್ಯಾಟರಿ ಕೊಡುವುದು ಸುಮಾರು 12.6 ವೋಲ್ಟ್. 14.4ಕ್ಕೆ ಹೋಲಿಸಿದರೆ ಸ್ಟೀರಿಯೋದ ಪವರ್ ಕಾಲು ಭಾಗದ ಹತ್ತಿರ ಕಡಿಮೆಯಾಗುತ್ತದೆ. ತೆಳು ವೈರ್ ಹಾಕಿದ್ದರೆ ಎಂಜಿನ್ ಓಡುವಾಗಲೂ ಇದೇ ಪಾಡು. ಬಾಸ್ ಬಡಿಯುವಾಗ ಆಂಪ್‌ನ ಪ್ಲಸ್ ಮತ್ತು ಅರ್ಥ್ ನಡುವೆ ಮೀಟರ್ ಹಿಡಿದು ನೋಡಿ, ಬ್ಯಾಟರಿಯ ಹತ್ತಿರವೂ ನೋಡಿ. ಎರಡರ ನಡುವೆ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ವೈರ್ ಅಥವಾ ಅರ್ಥ್ ಸರಿಯಿಲ್ಲ. ಪೇಂಟ್ ಮೇಲೇ ಸ್ಕ್ರೂ ಹಾಕಿದ ಅರ್ಥ್ ತುಂಬಾ ಕಡೆ ಕಾಣುತ್ತದೆ. ಪೇಂಟ್ ಕೆರೆದು ಬರೀ ತಗಡಿಗೆ ಬೋಲ್ಟ್ ಮಾಡಬೇಕು. ತಾಮ್ರದ ಲೇಪ ಹಾಕಿದ ಅಲ್ಯೂಮಿನಿಯಂ ವೈರ್ ಕೂಡ ಬಹಳ ಮಾರಾಟವಾಗುತ್ತದೆ. ತುದಿ ಕೆರೆದರೆ ಬೆಳ್ಳಗೆ ಕಾಣುತ್ತದೆ. ಅದೇ ದಪ್ಪದ ತಾಮ್ರದಷ್ಟು ಕರೆಂಟ್ ಅದರಲ್ಲಿ ಹೋಗುವುದಿಲ್ಲ.

ಒಂದೇ ಔಟ್‌ಪುಟ್‌ಗೆ ಎರಡು ಸ್ಪೀಕರ್ ಸೇರಿಸಬಹುದಾ?

ಎರಡು 4 ಓಮ್ ಸ್ಪೀಕರ್ ಪ್ಯಾರಲೆಲ್ ಆದರೆ 2 ಓಮ್. ನಿಮ್ಮ ಸ್ಟೀರಿಯೋ ಪುಸ್ತಕದಲ್ಲಿ 4ರಿಂದ 8 ಓಮ್ ಅಂತ ಬರೆದಿದ್ದರೆ ಬೇಡ. ಚಿಪ್ ಬಿಸಿಯಾಗಿ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಅಂದರೆ ತನ್ನನ್ನು ಕಾಪಾಡಿಕೊಳ್ಳಲು ಸೌಂಡ್ ನಿಲ್ಲಿಸುತ್ತದೆ.

ಶುರುವಲ್ಲಿ ಜೋರಾಗಿರುತ್ತೆ, ಅರ್ಧ ಗಂಟೆ ಆದ ಮೇಲೆ ಸೌಂಡ್ ಮಂಕಾಗುತ್ತೆ.

ವಾಯ್ಸ್ ಕಾಯಿಲ್ ಕಾದಿದೆ. ತಾಮ್ರದ ತಡೆ ಪ್ರತಿ ಡಿಗ್ರಿಗೆ 0.39% ಏರುತ್ತದೆ. ಕಾಯಿಲ್ 100 ಡಿಗ್ರಿ ಜಾಸ್ತಿ ಕಾದರೆ ತಡೆ 39% ಹೆಚ್ಚು, ಅದರಿಂದ ಒಳಗೆ ಹೋಗುವ ಪವರ್ ಕಡಿಮೆ. ಇದಕ್ಕೆ ಪವರ್ ಕಂಪ್ರೆಷನ್ ಅನ್ನುತ್ತಾರೆ. ಮಂಕಾಯಿತು ಅಂತ ವಾಲ್ಯೂಮ್ ಏರಿಸುವುದೇ ಇಲ್ಲಿ ಅಪಾಯ, ಬಿಸಿ ಇನ್ನೂ ಏರುತ್ತದೆ. ಕಾಯಿಲ್‌ನ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಂದರೆ ತಕ್ಷಣ ಆಫ್ ಮಾಡಿ.

ದುಡ್ಡು ಸ್ವಲ್ಪ ಸ್ವಲ್ಪವೇ ಹಾಕ್ತೀನಿ. ಯಾವುದು ಮೊದಲು?

ಮುಂದಿನ ಎರಡು ಡೋರ್‌ಗೆ ಡ್ಯಾಂಪಿಂಗ್ ಮತ್ತು ಒಳ್ಳೆಯ ಸ್ಪೀಕರ್ ಮೊದಲು. ಆಮೇಲೆ ಪ್ರಾಮಾಣಿಕ ಆರ್‌ಎಂಎಸ್ ಇರುವ ನಾಲ್ಕು ಚಾನೆಲ್ ಆಂಪ್: ಎರಡು ಚಾನೆಲ್ ಮುಂದಿನ ಸ್ಪೀಕರ್‌ಗೆ, ಉಳಿದ ಎರಡನ್ನು ಬ್ರಿಡ್ಜ್ ಮಾಡಿ (ಒಂದೇ ಔಟ್ ಆಗುವಂತೆ ಸೇರಿಸಿ) ಮುಂದೊಂದು ದಿನ ಸಬ್‌ವೂಫರ್‌ಗೆ, ಅಂದರೆ ಬಾಸ್‌ಗೇ ಮೀಸಲಾದ ಸ್ಪೀಕರ್‌ಗೆ. ಸಬ್ ಬಂದ ದಿನ ಡೋರ್ ಸ್ಪೀಕರ್‌ಗೆ 80 ಹರ್ಟ್ಸ್ ಕೆಳಗಿನ ಕೆಲಸ ತಪ್ಪುತ್ತದೆ, ಅವು ಎಷ್ಟು ಸಲೀಸಾಗಿ ಹಾಡುತ್ತವೆ ಅಂತ ಆಗ ಗೊತ್ತಾಗುತ್ತದೆ. ಹಿಂದಿನ ಸೀಟಿನ ಸ್ಪೀಕರ್ ಕಂಪನಿಯದ್ದೇ ಇರಲಿ.

ಕಂಪನಿ ಸ್ಟೀರಿಯೋ ತೆಗೆಯಲು ಆಗಲ್ಲ, ಅದರಿಂದಲೇ ಆಂಪ್‌ಗೆ ಕೊಟ್ಟಿದ್ದೇನೆ. ಜೋರು ಮಾಡಿದಷ್ಟೂ ಬಾಸ್ ಮಾಯ ಆಗುತ್ತೆ.

ಅದು ದೋಷವಲ್ಲ, ಬೇಕೆಂದೇ ಮಾಡಿದ್ದು. ಅಗ್ಗದ ಸ್ಪೀಕರ್ ಹರಿಯದಿರಲಿ ಅಂತ ಅನೇಕ ಕಂಪನಿ ಸೆಟ್‌ಗಳು ವಾಲ್ಯೂಮ್ ಏರಿದಂತೆ ಬಾಸನ್ನು ತಾವೇ ಇಳಿಸುತ್ತವೆ. ಆ ಇಳಿಸಿದ ಸಿಗ್ನಲ್ಲೇ ನಿಮ್ಮ ಆಂಪ್‌ಗೆ ಬರುತ್ತಿದೆ. ಆಂಪ್‌ನ ಬಾಸ್ ಬೂಸ್ಟ್ ಏರಿಸಿ ಸರಿ ಮಾಡಲು ಹೋದರೆ ಕಡಿಮೆ ವಾಲ್ಯೂಮ್‌ನಲ್ಲಿ ಬಾಸ್ ಜಾಸ್ತಿ, ಜೋರಾದಾಗ ಮತ್ತೆ ಕಡಿಮೆ. ಸ್ಟೀರಿಯೋ ಮತ್ತು ಆಂಪ್ ನಡುವೆ ಒಂದು ಡಿಎಸ್‌ಪಿ (ಸಿಗ್ನಲ್ ತಿದ್ದುವ ಡಿಜಿಟಲ್ ಪೆಟ್ಟಿಗೆ) ಹಾಕಿಸಿ. ಸ್ಟೀರಿಯೋ ವಾಲ್ಯೂಮನ್ನು ಅದು ಒಡೆಯದ ಒಂದು ಅಂಕಿಗೆ ನಿಲ್ಲಿಸಿ, ಆ ಅಂಕಿಯಲ್ಲಿ ಸಿಗ್ನಲ್ ಸಮ ಮಾಡಿಸಿ, ಮುಂದೆ ಜೋರು ಮೆಲ್ಲಗೆ ಮಾಡುವುದನ್ನೆಲ್ಲ ಡಿಎಸ್‌ಪಿಯ ರಿಮೋಟ್ ಗುಂಡಿಯಿಂದಲೇ ಮಾಡಿ.